ಅಥ್ಲೆಟಿಕ್ ಬಿಲ್ಬಾವೊಗೆ ‘ನಮ್ಮ ಹುಡುಗ’ ಅಂದ್ರೆ ಯಾರು?

ಪಟ್ಟೆಹುಲಿ:
ಸ್ಪೇನಿನ ಬಿಲ್ಬಾವೊ ಊರಿನ ಅಥ್ಲೆಟಿಕ್ ಕ್ಲಬ್‌ನ ಆಟಗಾರ ನಿಕೊ ವಿಲಿಯಮ್ಸ್ ಹಿಂದೆ ಬಾರ್ಸಿಲೋನ ಕ್ಲಬ್ ಎರಡು ಬೇಸಿಗೆ ಸುತ್ತಿತು. ಹುಡುಗ 2025ರ ಜುಲೈನಲ್ಲಿ ಅಥ್ಲೆಟಿಕ್ ಕ್ಲಬ್‌ಗೇ 2035ರವರೆಗೆ ಸಹಿ ಹಾಕಿದ. ಅವನ ಅಣ್ಣ ಇನ್ಯಾಕಿ ಈಗ ಕ್ಯಾಪ್ಟನ್. ಇದನ್ನ ನೋಡಿದ ಮೇಲೂ ‘ಫುಟ್‌ಬಾಲ್‌ನಲ್ಲಿ ದುಡ್ಡೊಂದೇ’ ಅನ್ನೋರ ಜೊತೆ ನನಗೆ ಮಾತಾಡೋದಿದೆ.

ಗೊತ್ತಿಲ್ಲದೋರಿಗೆ ಎರಡು ಮಾತು. ಈ ಕ್ಲಬ್ 1912ರ ಆಸುಪಾಸಿನಿಂದ ಬಾಸ್ಕ್ ನೆಲದ ಹುಡುಗರನ್ನ ಮಾತ್ರ ಆಡಿಸುತ್ತೆ. ಬಾಸ್ಕ್ ನೆಲ ಅಂದ್ರೆ ಸ್ಪೇನ್ ಕಡೆ ನಾಲ್ಕು, ಫ್ರಾನ್ಸ್ ಕಡೆ ಮೂರು, ಒಟ್ಟು ಏಳು ಪ್ರಾಂತ್ಯ. ಏಳೂ ಸೇರಿದ್ರೆ ಜನ ಸುಮಾರು 30 ಲಕ್ಷ. ಅಷ್ಟರಲ್ಲೇ ಹನ್ನೊಂದು ಮಂದಿ ಹುಡುಕಿ 8 ಲೀಗ್, 24 ಕೋಪಾ (ಸ್ಪೇನಿನ ನಾಕೌಟ್ ಕಪ್) ಗೆದ್ದಿದ್ದಾರೆ. 1929ರಲ್ಲಿ ಲೀಗ್ ಶುರುವಾದಾಗಿಂದ ಒಂದು ಸಲವೂ ಕೆಳಗಿನ ಡಿವಿಷನ್‌ಗೆ ಬಿದ್ದಿಲ್ಲ. ಹಾಗೆ ಎದೆ ತಟ್ಟಿ ಹೇಳೋಕೆ ಆಗೋದು ಇವರಿಗೆ, ರಿಯಲ್ ಮ್ಯಾಡ್ರಿಡ್‌ಗೆ, ಬಾರ್ಸಿಲೋನಗೆ ಮಾತ್ರ. ನೂರು ವರ್ಷ ದಾಟಿದ ನಿಯಮ, ಕೂದಲೆಳೆಯಷ್ಟೂ ಅಲ್ಲಾಡಿಲ್ಲ. ಇಂಥ ಇನ್ನೊಂದು ಕ್ಲಬ್ ಜಗತ್ತಿನಲ್ಲಿ ಎಲ್ಲಿದೆ ತೋರಿಸಿ.

ವಿಂಗ್‌ಬ್ಯಾಕ್ ವಿನು:
ಮೆಕ್ಸಿಕೊದ ಗ್ವಾದಲಹಾರ. ಮೆಕ್ಸಿಕೊದವರನ್ನ ಬಿಟ್ಟು ಬೇರೆಯವರನ್ನ ಆಡಿಸಲ್ಲ.

ಪಟ್ಟೆಹುಲಿ:
ಅದು ಹದಿಮೂರು ಕೋಟಿ ಜನರ ದೇಶ. ನಾನು ಹೇಳ್ತಿರೋದು 30 ಲಕ್ಷದ ಲೆಕ್ಕ.

ಬಿಳಿಜರ್ಸಿ:
‘ಕೂದಲೆಳೆಯಷ್ಟೂ ಅಲ್ಲಾಡಿಲ್ಲ’ ಅಂತ ಬರೆದಿದ್ದೀರಲ್ಲ, ಅದು ಸುಳ್ಳು. ಮೊದಲು ಬಿಲ್ಬಾವೊ ಇರೋ ಬಿಸ್ಕಾಯ ಪ್ರಾಂತ್ಯದಲ್ಲಿ ಹುಟ್ಟಿದವರು ಅಂತಿತ್ತು. ಆಮೇಲೆ ಅಕ್ಕಪಕ್ಕದ ಪ್ರಾಂತ್ಯ ಸೇರಿಸಿದ್ರು. 1996ರಲ್ಲಿ ಫ್ರೆಂಚ್ ಆಟಗಾರ ಲಿಸರಾಸುನ ತಂದು ಫ್ರಾನ್ಸ್ ಕಡೆಗೂ ಬೇಲಿ ಸರಿಸಿದ್ರು. ಆಮೇಲೆ ‘ಇಲ್ಲಿ ಹುಟ್ಟದಿದ್ರೂ ಇಲ್ಲಿನ ಕ್ಲಬ್‌ನಲ್ಲಿ ಆಡಿ ಬೆಳೆದಿದ್ರೆ ಸಾಕು’ ಅಂತಾಯ್ತು. 2018ರಲ್ಲಿ ಗಾನ್ಯಾ ಅನ್ನೋ ರೊಮೇನಿಯಾದವನು ಬಂದ, ಹುಡುಗನಾಗಿದ್ದಾಗ ಬಿಲ್ಬಾವೊ ಕಡೆ ಆಡಿದ್ದ ಅನ್ನೋದೇ ಅರ್ಹತೆ. ಬೇಕಾದಾಗ ಬೇಕಾದಷ್ಟು ಸರಿಸೋದಕ್ಕೆ ನಿಯಮ ಅನ್ನಲ್ಲ.

ಇನ್ನು ‘ನಮ್ಮ ನೆಲ’ದ ಮಾತು. ಬಿಲ್ಬಾವೊಗೆ ಫುಟ್‌ಬಾಲ್ ತಂದವರು ಇಂಗ್ಲಿಷರು. ಹಡಗುಕಟ್ಟೆಗೆ, ಕಬ್ಬಿಣದ ಗಣಿಗೆ ಕೆಲಸಕ್ಕೆ ಬಂದವರು. ‘ಅಥ್ಲೆಟಿಕ್’ ಅನ್ನೋ ಹೆಸರು ಇಂಗ್ಲಿಷ್. ತೊಟ್ಟ ಕೆಂಪು-ಬಿಳಿ ಪಟ್ಟೆ ಅಂಗಿ ಇಂಗ್ಲೆಂಡಿನ ಸಂಡರ್‌ಲ್ಯಾಂಡ್ ಕ್ಲಬ್‌ದು. ಗೆಲ್ಲೋದು ಕಲಿಸಿದ ಕೋಚ್ ಫ್ರೆಡ್ ಪೆಂಟ್‌ಲ್ಯಾಂಡ್ ಕೂಡ ಇಂಗ್ಲಿಷಿನವನೇ. ಹೊರಗಿನವರಿಂದ ಎಲ್ಲ ಪಡೆದು ಹೊರಗಿನವರಿಗೆ ಬಾಗಿಲು ಹಾಕೋದರಲ್ಲಿ ನನಗೆ ಹಿರಿಮೆ ಕಾಣಲ್ಲ.

ಗುರುಪಾದ ಹುಬ್ಬಳ್ಳಿ:
ಸಂಡರ್‌ಲ್ಯಾಂಡ್ ಅಲ್ರೀ, ಸೌತಾಂಪ್ಟನ್. ಗೊತ್ತಿಲ್ಲಂದ್ರ ಬರೀಬ್ಯಾಡ್ರಿ. ಮೊದಲ ಅಥ್ಲೆಟಿಕ್‌ನವರು ಬ್ಲ್ಯಾಕ್‌ಬರ್ನ್ ರೋವರ್ಸ್ ಹಂಗ ನೀಲಿ-ಬಿಳಿ ಅರ್ಧರ್ಧ ಅಂಗಿ ಹಾಕ್ತಿದ್ರು. 1909ರ ಕೊನಿಗೆ ಹ್ವಾನ್ ಎಲೋರ್ದುಯ್ ಅನ್ನಾಂವ ಇಂಗ್ಲೆಂಡಿಗೆ ಹೊಂಟಿದ್ದ. ‘ಬರೂ ಮುಂದ ಅಂಗಿ ತಗೊಂಡು ಬಾ’ ಅಂತ ಕ್ಲಬ್‌ನವರು ಹೇಳಿ ಕಳಿಸಿದ್ರು. ಬ್ಲ್ಯಾಕ್‌ಬರ್ನ್ ಅಂಗಿ ಸಿಗಲಿಲ್ಲ. ಹಡಗು ಹತ್ತಬೇಕಾದ ಊರು ಸೌತಾಂಪ್ಟನ್. ಬರಿಗೈಲೆ ಹೋಗೂದು ಹ್ಯಾಂಗ ಅಂತ ಅಲ್ಲಿನ ಕ್ಲಬ್ಬಿನ ಕೆಂಪು-ಬಿಳಿ ಪಟ್ಟಿ ಅಂಗಿ ಐವತ್ತು ತಗೊಂಡು ಬಂದ. 1910ರಿಂದ ಅದನ್ನ ಹಾಕ್ಕೊಂಡ್ರು. ಉಳಿದ ಅಂಗಿ ಮ್ಯಾಡ್ರಿಡ್‌ಗೆ ಹೋದವು. ಅದಕ್ಕ ಅಟ್ಲೆಟಿಕೊ ಮ್ಯಾಡ್ರಿಡ್‌ನವರೂ ಅದೇ ಪಟ್ಟಿ ಹಾಕೂದು.

ಬಿಳಿಜರ್ಸಿ:
ಗುರುಪಾದ ಅವರೇ, ಆ ಎಲೋರ್ದುಯ್ ಕತೆ ನನಗೂ ಗೊತ್ತು. ಸಂಡರ್‌ಲ್ಯಾಂಡ್ ಕಡೆಯ ಹಡಗು ಕಟ್ಟೋರು, ಗಣಿಯವರು ಬಿಲ್ಬಾವೊದಲ್ಲಿ ಆಡ್ತಿದ್ರು, ಅವರ ಬಣ್ಣ ಊರಲ್ಲಿ ಉಳೀತು ಅನ್ನೋದು ಅದಕ್ಕಿಂತ ನಂಬೋ ಮಾತು. ಸಂಡರ್‌ಲ್ಯಾಂಡ್ ನೋಡಿ, ಕೆಂಪು-ಬಿಳಿ ಪಟ್ಟೆ, ಕಪ್ಪು ಚಡ್ಡಿ. ಅಥ್ಲೆಟಿಕ್ ನೋಡಿ, ಕೆಂಪು-ಬಿಳಿ ಪಟ್ಟೆ, ಕಪ್ಪು ಚಡ್ಡಿ. ಕಣ್ಣೆದುರಿಗೇ ಇದೆ.

ಗುರುಪಾದ ಹುಬ್ಬಳ್ಳಿ:
ಚಡ್ಡಿ ಮ್ಯಾಲಿಂದ ಇತಿಹಾಸ ಹೇಳ್ತೀರೇನ್ರಿ? ಹಂಗಾದ್ರ ನಾನೂ ಕೇಳ್ತೀನಿ. ಅಟ್ಲೆಟಿಕೊ ಮ್ಯಾಡ್ರಿಡ್‌ದು ನೀಲಿ ಚಡ್ಡಿ ಯಾಕ? 1903ರಾಗ ಮ್ಯಾಡ್ರಿಡ್‌ನ್ಯಾಗ ಓದೂ ಬಾಸ್ಕ್ ಹುಡುಗರು ಅಥ್ಲೆಟಿಕ್‌ನ ಶಾಖೆ ಅಂತ ಕಟ್ಟಿದ ಕ್ಲಬ್ ಅದು. ಅವರದ್ದೂ ಮೊದಲ ನೀಲಿ-ಬಿಳಿ. ಹೊಸಾ ಅಂಗಿ ಬಂತು, ಹಳೇ ನೀಲಿ ಚಡ್ಡಿ ಹಂಗ ಉಳೀತು. ಎರಡು ಊರಿನ ಕ್ಲಬ್ ಒಂದ ಸಲಕ್ಕ ಅಂಗಿ ಬದಲಿಸ್ಯಾವು ಅಂದ್ರ ಅಂಗಿ ಒಂದ ಗಂಟಿನಾಗ ಬಂದಾವು ಅಂತ ಅರ್ಥ. ಕೂಲಿಯವರ ನೆನಪಿನಿಂದ ಎರಡೂ ಊರಿಗೆ ಹ್ಯಾಂಗ ಬರತದ ಹೇಳ್ರಿ.

ಕಡಲತಡಿ:
ಬಿಲ್ಬಾವೊ ನಗರದ ಬಾವುಟವೇ ಕೆಂಪು-ಬಿಳಿ ಮಾರಾಯ್ರೆ. ಯಾವ ಅಂಗಡಿಯಿಂದ ಅಂಗಿ ತಂದರೂ ಊರಿನವರು ಅದನ್ನು ಬಿಡದೆ ಹಿಡಿದುಕೊಂಡದ್ದು ತಮ್ಮ ಊರಿನ ಬಣ್ಣ ಅಂತ. ಇಲ್ಲದಿದ್ದರೆ ಮುಂದಿನ ವರ್ಷ ಮತ್ತೆ ನೀಲಿ ತರಿಸ್ತಿದ್ದರು. ಅಂಗಿ ಎಲ್ಲಿಂದ ಬಂತು ಅನ್ನುವುದಕ್ಕಿಂತ ಯಾಕೆ ಉಳಿಯಿತು ಅಂತ ಕೇಳಿ.

ಗುರುಪಾದ ಹುಬ್ಬಳ್ಳಿ:
ಉಳಿದದ್ದು ಬ್ಯಾರೆ ಮಾತ್ರಿ. ಬಂದದ್ದು ಎಲ್ಲಿಂದ ಅಂತ ನಡದೈತಿ ಇಲ್ಲಿ.

ಪಟ್ಟೆಹುಲಿ:
ನಾನು ಶುರು ಮಾಡಿದ್ದು ಅಂಗಿ ವಿಷಯ ಅಲ್ಲ. ಬಿಳಿಜರ್ಸಿಯವರೇ, ‘ಹೆಸರು ಇಂಗ್ಲಿಷ್’ ಅಂದ್ರಿ, ಅದಕ್ಕೆ ಉತ್ತರ ತಗೊಳ್ಳಿ. 1941ರಲ್ಲಿ ಸ್ಪೇನಿನ ಸರ್ವಾಧಿಕಾರಿ ಫ್ರಾಂಕೊ ಸರ್ಕಾರ ಪರಭಾಷೆಯ ಹೆಸರು ಇರಕೂಡದು ಅಂತ ಹುಕುಂ ಹೊರಡಿಸಿತು. ‘ಅಥ್ಲೆಟಿಕ್ ಕ್ಲಬ್’ ಹೋಗಿ ‘ಅಟ್ಲೆಟಿಕೊ ದೆ ಬಿಲ್ಬಾವೊ’ ಆಯ್ತು. ಹಳೇ ಹೆಸರು ವಾಪಸ್ ಬಂದಿದ್ದು 1972ರಲ್ಲಿ. ಮೂವತ್ತು ವರ್ಷ ಜನ ಕಾದ್ರು ಅಂದ್ರೆ ಆ ಇಂಗ್ಲಿಷ್ ಪದ ಆಗಲೇ ಅವರದ್ದಾಗಿತ್ತು. ಬಿಲ್ಬಾವೊದಲ್ಲಿ ನಿಂತು ‘ಅಟ್ಲೆಟಿಕೊ’ ಅಂದು ನೋಡಿ, ಪಕ್ಕದವರು ತಿದ್ದದೆ ಬಿಡಲ್ಲ.

ವಿಂಗ್‌ಬ್ಯಾಕ್ ವಿನು:
ಕೋಪಾ 24 ಅಲ್ಲ, 23. 1902ರದ್ದು ಗೆದ್ದಿದ್ದು ‘ಬಿಸ್ಕಾಯ’ ಅನ್ನೋ ಕೂಡುತಂಡ. ಅಥ್ಲೆಟಿಕ್ ಮತ್ತು ಬಿಲ್ಬಾವೊ ಎಫ್‌ಸಿ ಸೇರಿ ಆಡಿದ್ದು. ಸ್ಪೇನಿನ ಫುಟ್‌ಬಾಲ್ ಫೆಡರೇಷನ್ ಅದನ್ನ ಅಥ್ಲೆಟಿಕ್ ಲೆಕ್ಕಕ್ಕೆ ಹಾಕಲ್ಲ.

ಪಟ್ಟೆಹುಲಿ:
ಎರಡು ಕ್ಲಬ್ ಮರುವರ್ಷ ಒಂದಾದವು. ಆ ಕಪ್ ಕ್ಲಬ್‌ನ ಮ್ಯೂಸಿಯಂನಲ್ಲೇ ಇದೆ. 24.

ವಿಂಗ್‌ಬ್ಯಾಕ್ ವಿನು:
23.

ಬಿಳಿಜರ್ಸಿ:
‘ಒಂದ ಗಂಟಿನಾಗ ಬಂದಾವು’ ಅಂದ್ರಲ್ಲ ಗುರುಪಾದ ಅವರೇ, ಗಂಟು ಒಂದೇ ಆಗಿರಬಹುದು, ಒಪ್ಕೋತೀನಿ. ಆದರೆ ಬ್ಲ್ಯಾಕ್‌ಬರ್ನ್ ಅಂಗಿ ಬದಲು ಪಟ್ಟೆ ಅಂಗಿ ತಂದಾಗ ಕ್ಲಬ್‌ನವರು ಒಂದು ಮಾತಾಡದೆ ಒಪ್ಪಿದ್ರಲ್ಲ, ಯಾಕೆ? ಊರಲ್ಲಿ ಸಂಡರ್‌ಲ್ಯಾಂಡ್‌ನವರ ಪಟ್ಟೆ ನೋಡಿ ಕಣ್ಣಿಗೆ ರೂಢಿಯಾಗಿತ್ತು. ಆಮೇಲೆ ಸಂಡರ್‌ಲ್ಯಾಂಡ್ ಸಣ್ಣ ತಂಡ ಅಲ್ಲ, ಆ ಹೊತ್ತಿಗಾಗಲೇ ನಾಲ್ಕು ಸಲ ಇಂಗ್ಲೆಂಡ್ ಲೀಗ್ ಗೆದ್ದಿತ್ತು. ಸೌತಾಂಪ್ಟನ್ ಆಗ ದಕ್ಷಿಣದ ಲೀಗ್‌ನಲ್ಲಿ ಆಡ್ತಿತ್ತು. ಯಾರ ಅಂಗಿಗೆ ಹೆಸರಿತ್ತು ನೀವೇ ಹೇಳಿ.

ಗುರುಪಾದ ಹುಬ್ಬಳ್ಳಿ:
ಲೀಗ್ ಎಷ್ಟು ಗೆದ್ರು ಅಂತ ನೋಡಿ ಅಂಗಿ ಖರೀದಿ ಮಾಡಿಲ್ರೀ ಅಂವ. ಹಡಗು ಹೊಂಡೂ ಹೊತ್ತಾಗಿತ್ತು, ಕಣ್ಣಿಗೆ ಬಿದ್ದದ್ದು ತಗೊಂಡ. ಬಂದರದ ಊರಿನಾಗ ಬಂದರದವರ ಅಂಗಿ ಸಿಗತದ. ಸಂಡರ್‌ಲ್ಯಾಂಡ್ ಎಲ್ಲಿ, ಸೌತಾಂಪ್ಟನ್ ಎಲ್ಲಿ? ಒಂದು ಉತ್ತರದ ತುದಿಗೆ, ಇನ್ನೊಂದು ದಕ್ಷಿಣದ ದಂಡಿಗೆ. ಇವತ್ತೂ ಇಂಗ್ಲೆಂಡಿನ ದಕ್ಷಿಣ ದಂಡಿ ಪೋರ್ಟ್ಸ್‌ಮತ್‌ನಿಂದ ಬಿಲ್ಬಾವೊಕ್ಕ ಹಡಗು ಓಡತಾವ. ದಾರಿ ಹಂಗ ಐತಿ. ನಕಾಶೆ ತಗದು ನೋಡ್ರಿ.

ಬಿಳಿಜರ್ಸಿ:
ನಕಾಶೆ ನೋಡೋಕೆ ನನಗೆ ಬರುತ್ತೆ. ನೀವು ಮೊದಲು ಮಾತಾಡೋ ರೀತಿ ಕಲೀರಿ. ಆಗಿನಿಂದ ‘ಬರೀಬ್ಯಾಡ್ರಿ’, ‘ಗೊತ್ತಿಲ್ಲ’ ಅಂತ ಮೈಮೇಲೆ ಬೀಳ್ತಿದ್ದೀರಿ.

ಗುರುಪಾದ ಹುಬ್ಬಳ್ಳಿ:
ತಪ್ಪು ಬರದ್ರ ತಪ್ಪು ಅಂತೀನಿ. ಅದ್ರಾಗ ಮೈಮ್ಯಾಲ ಬೀಳೂದು ಏನು ಬಂತು?

ನಿರ್ವಾಹಕ:
ಇಬ್ಬರೂ ವೈಯಕ್ತಿಕ ಮಾತು ಬಿಡಿ. ವಿಷಯ ಮಾತಾಡಿ.

ಚಾರು ಮೈಸೂರು:
ಎರಡು ವರ್ಷ ಕೆಲಸದ ಮೇಲೆ ಬಿಲ್ಬಾವೊದಲ್ಲಿದ್ದೆ. ಅಂಗಿಯ ಜಗಳ ಬಿಟ್ಟು ಮೊದಲ ಪ್ರಶ್ನೆಗೆ ಬರೋಣ ಅಂತ ಇದನ್ನ ಬರೀತಿದ್ದೀನಿ.

ಪಂದ್ಯದ ದಿನ ಊರೆಲ್ಲ ಲಿಸೆನ್ಸಿಯಾದೊ ಪೋಸಾ ಅನ್ನೋ ಬೀದಿಗೆ ಬಂದು ಸೇರುತ್ತೆ. ಎರಡೂ ಕಡೆ ಬಾರುಗಳು, ಬೀದಿಯ ಕೊನೆಗೆ ಸಾನ್ ಮಾಮೆಸ್ ಕ್ರೀಡಾಂಗಣ. ಮಳೆ ಅಂತೂ ಇದ್ದೇ ಇರುತ್ತೆ. ಜಿಟಿಜಿಟಿ ಹನಿಯೋ ಆ ಮಳೆಗೆ ಅಲ್ಲಿಯವರು ಸಿರಿಮಿರಿ ಅಂತಾರೆ. ನನ್ನ ಪಕ್ಕದ ಸೀಟಿನಲ್ಲಿ ಎಪ್ಪತ್ತು ದಾಟಿದ ಅಜ್ಜ ಒಬ್ಬರು ಕೂರ್ತಿದ್ರು. ಕಪ್ಪು ಬಾಸ್ಕ್ ಟೋಪಿ. ಅರ್ಧ ಆಟಕ್ಕೆ ಸೀಟಿ ಊದಿದ ತಕ್ಷಣ ಕೋಟಿನ ಜೇಬಿಂದ ಬೆಳ್ಳಿ ಕಾಗದದ ಪೊಟ್ಟಣ ತೆಗೆಯೋರು, ಒಳಗೆ ಆಮ್ಲೆಟ್ ಇಟ್ಟ ಬ್ರೆಡ್ಡು. ಅರ್ಧ ಮುರಿದು ನನ್ನ ಕೈಗೆ ಇಟ್ಟೇ ತಾವು ತಿನ್ನೋರು. ಒಂದು ದಿನ ನಾನು ಬಾಸ್ಕ್ ಭಾಷೆಯಲ್ಲಿ ಕಲಿತಿದ್ದ ಎರಡು ಮಾತು ಆಡಿದೆ. ಅವರು ‘ನನಗೆ ಆ ಭಾಷೆ ಬರಲ್ಲ ಮಗಳೇ, ನಮ್ಮಪ್ಪ ಎಸ್ತ್ರೆಮದೂರದಿಂದ ಉಕ್ಕಿನ ಕಾರ್ಖಾನೆಗೆ ಕೆಲಸಕ್ಕೆ ಬಂದವನು’ ಅಂದ್ರು. ಎಸ್ತ್ರೆಮದೂರ ಅಂದ್ರೆ ಸ್ಪೇನಿನ ತೆಂಕಣ-ಪಡುವಣ ಮೂಲೆ, ಬಡ ಸೀಮೆ. ನದಿಯ ಎಡದಂಡೆಯ ಬರಾಕಾಲ್ದೊ, ಸೆಸ್ತಾವೊ ಊರುಗಳು ತುಂಬಿದ್ದೇ ಹಾಗೆ ಬಂದವರಿಂದ. ಅವರು ದುಡಿದ ಆಲ್ತೋಸ್ ಓರ್ನೋಸ್ ಕಾರ್ಖಾನೆ 1996ರಲ್ಲಿ ಮುಚ್ಚಿತು. ಅವರ ಮಕ್ಕಳು ಅಥ್ಲೆಟಿಕ್‌ಗೆ ಆಡಿದ್ರು. 2024ರಲ್ಲಿ ಕೋಪಾ ಗೆಲ್ಲಿಸಿಕೊಟ್ಟ ಕೋಚ್ ಎರ್ನೆಸ್ತೊ ವಲ್ವೆರ್ದೆ ಹುಟ್ಟಿದ್ದೂ ಎಸ್ತ್ರೆಮದೂರದಲ್ಲೇ. ಚಿಕ್ಕಂದಿನಲ್ಲೇ ಬಾಸ್ಕ್ ನಾಡಿನ ವಿಟೋರಿಯಾಗೆ ಬಂದು ಬೆಳೆದವರು, ತೊಂಬತ್ತರ ದಶಕದಲ್ಲಿ ಇದೇ ಅಂಗಿ ತೊಟ್ಟು ಆಡಿದವರು.

ಹಾಗಾಗಿ ಇದು ರಕ್ತದ ಲೆಕ್ಕ ಅಲ್ಲ, ಎಲ್ಲಿ ಬೆಳೆದೆ ಅನ್ನೋ ಲೆಕ್ಕ. ಪಟ್ಟೆಹುಲಿಯವರಿಗೆ ನನ್ನ ಪ್ರಶ್ನೆ ಬೇರೆ ಇದೆ. ಆ ಲೆಕ್ಕ ಮಿಗೆಲ್ ಜೋನ್ಸ್‌ಗೆ ಯಾಕೆ ಸಿಗಲಿಲ್ಲ? ಆಗ ಸ್ಪೇನಿನ ಕೈಲಿದ್ದ ಗಿನಿಯಲ್ಲಿ 1938ರಲ್ಲಿ ಹುಟ್ಟಿದ ಕಪ್ಪು ಹುಡುಗ. ಚಿಕ್ಕಂದಿನಲ್ಲೇ ಬಿಲ್ಬಾವೊಗೆ ಬಂದು ಅಲ್ಲೇ ಆಟ ಕಲಿತ. 1956ರ ಸುಮಾರಿಗೆ ಅಥ್ಲೆಟಿಕ್ ಜೊತೆ ಅಭ್ಯಾಸ ಮಾಡಿದ, ಸ್ನೇಹಪಂದ್ಯ ಆಡಿದ. ಅಧಿಕೃತ ಪಂದ್ಯಕ್ಕೆ ಬೇಡ ಅಂದ್ರು, ಬಿಸ್ಕಾಯದಲ್ಲಿ ಹುಟ್ಟಿಲ್ಲ ಅನ್ನೋದು ಕೊಟ್ಟ ಕಾರಣ. ಅವನು ಪಕ್ಕದ ಇಂದಾವುಚು ಕ್ಲಬ್‌ಗೆ ಆಡಿ, 1959ರಲ್ಲಿ ಅಟ್ಲೆಟಿಕೊ ಮ್ಯಾಡ್ರಿಡ್ ಸೇರಿ 1962ರಲ್ಲಿ ಯುರೋಪಿನ ಕಪ್ ವಿನ್ನರ್ಸ್ ಕಪ್ ಗೆದ್ದ.

ಕಡಲತಡಿ:
ಆ ಅಜ್ಜನ ಕತೆ ಓದಿ ಖುಷಿ ಆಯಿತು ಚಾರು ಅವರೇ. ನಮಗೂ ಬ್ರೆಡ್ಡಿನ ಪಾಲು ಸಿಕ್ಕಿದ ಹಾಗಾಯಿತು.

ಗುರುಪಾದ ಹುಬ್ಬಳ್ಳಿ:
ಚಾರು ಅವರ, ನೀವು ಅಲ್ಲೇ ಇದ್ರಿ. ಅಂಗಿ ಬಗ್ಗೆ ಅಲ್ಲಿಯ ಮಂದಿ ಏನಂತಾರ? ಸೌತಾಂಪ್ಟನ್ ಅಂತಾರೋ ಇಲ್ಲೋ?

ಚಾರು ಮೈಸೂರು:
ಸೌತಾಂಪ್ಟನ್ ಅಂತಲೇ ಹೇಳ್ತಾರೆ. ಸಂಡರ್‌ಲ್ಯಾಂಡ್ ಅಂದವರನ್ನೂ ಕೇಳಿದ್ದೀನಿ. ಜೋನ್ಸ್ ಬಗ್ಗೆ ಯಾರೂ ಮಾತಾಡ್ತಿಲ್ಲ.

ಗುರುಪಾದ ಹುಬ್ಬಳ್ಳಿ:
‘ಸೌತಾಂಪ್ಟನ್ ಅಂತಲೇ ಹೇಳ್ತಾರೆ.’ ಮುಗೀತು.

ಬಿಳಿಜರ್ಸಿ:
‘ಸಂಡರ್‌ಲ್ಯಾಂಡ್ ಅಂದವರನ್ನೂ ಕೇಳಿದ್ದೀನಿ.’ ಮುಂದಿನ ಸಾಲನ್ನೂ ಓದಿ.

ಪಟ್ಟೆಹುಲಿ:
ಚಾರು ಮೇಡಂ, ‘ಕಪ್ಪು ಹುಡುಗ’ ಅಂತ ಬರೆದ್ರಿ, ಅದು ಓದೋರಿಗೆ ಬೇರೆ ಅರ್ಥ ಕೊಡುತ್ತೆ. ಅದೇ ಕಾಲದಲ್ಲಿ ಚುಸ್ ಪೆರೆದಾಗೂ ಬಾಗಿಲು ತೆರೀಲಿಲ್ಲ. ಅವನು ಬಿಳಿ ಹುಡುಗ, ಹುಟ್ಟಿದ್ದು ಬುರ್ಗೋಸ್‌ನ ಒಂದು ಊರಲ್ಲಿ, ಬೆಳೆದಿದ್ದು ಬಿಸ್ಕಾಯದ ಬಾಲ್ಮಾಸೆದಾದಲ್ಲಿ. 1964ರ ಯುರೋಪಿಯನ್ ಫೈನಲ್‌ನಲ್ಲಿ ಸೋವಿಯತ್ ಒಕ್ಕೂಟದ ಮೇಲೆ ಸ್ಪೇನಿಗೆ ಮೊದಲ ಗೋಲು ಹೊಡೆದವನು ಅವನೇ. ಗಾರಾತೆ ಅರ್ಜೆಂಟೀನಾದಲ್ಲಿ ಹುಟ್ಟಿ ಬಾಸ್ಕ್ ಊರು ಐಬಾರ್‌ನಲ್ಲಿ ಬೆಳೆದ, ಅವನೂ ಮ್ಯಾಡ್ರಿಡ್‌ಗೆ ಹೋದ. ನಿಯಮ ಹುಟ್ಟಿದ ಜಾಗದ್ದು, ಚರ್ಮದ್ದಲ್ಲ. ಎಲ್ಲರಿಗೂ ಒಂದೇ ನಿಯಮ ಇತ್ತು.

ಚಾರು ಮೈಸೂರು:
‘ಎಲ್ಲರಿಗೂ ಒಂದೇ’ ಇರಲಿಲ್ಲ. ಅದೇ ದಶಕದಲ್ಲಿ ಮೆರೋದಿಯೊ ಅಥ್ಲೆಟಿಕ್‌ಗೆ ಆಡಿದ, ಅವನು ಹುಟ್ಟಿದ್ದು ಬಾರ್ಸಿಲೋನದಲ್ಲಿ. ಅವನಿಗೆ ತೆರೆದ ಬಾಗಿಲು ಜೋನ್ಸ್‌ಗೆ ತೆರೀಲಿಲ್ಲ. ಕ್ಲಬ್‌ನ ಎದೆಯಲ್ಲಿ ಏನಿತ್ತು ಅಂತ ನಾನು ತೀರ್ಪು ಕೊಡ್ತಿಲ್ಲ. ಆದರೆ ಕಪ್ಪು ಬಣ್ಣದ ಮೊದಲ ಆಟಗಾರ ಜೋನಾಸ್ ರಮಾಲ್ಯೊ ಅಥ್ಲೆಟಿಕ್ ಅಂಗಿ ತೊಟ್ಟು ಲೀಗ್‌ನಲ್ಲಿ ಇಳಿದಿದ್ದು 2011ರಲ್ಲಿ. ಇನ್ಯಾಕಿ 2015ರಲ್ಲಿ ಟ್ಯುರಿನ್‌ನಲ್ಲಿ ಹೊಡೆದಿದ್ದು ಅಥ್ಲೆಟಿಕ್‌ಗಾಗಿ ಕಪ್ಪು ಆಟಗಾರನೊಬ್ಬನ ಮೊದಲ ಗೋಲು. ಶತಮಾನ ಬೇಕಾಯ್ತು. ಈ ಶತಮಾನದ ಬಗ್ಗೆ ಒಂದು ಮಾತಾಡದೆ ವಿಲಿಯಮ್ಸ್ ಸಹೋದರರ ಫೋಟೋ ಹಾಕಿ ಹೆಮ್ಮೆ ಪಡೋದು ನನಗೆ ಒಪ್ಪಿಗೆಯಿಲ್ಲ.

ಪಟ್ಟೆಹುಲಿ:
‘ಶತಮಾನ ಬೇಕಾಯ್ತು’ ಅಂತೀರಿ. ಆ ಪ್ರದೇಶಕ್ಕೆ ಆಫ್ರಿಕಾದಿಂದ ಜನ ದೊಡ್ಡ ಸಂಖ್ಯೆಯಲ್ಲಿ ಬಂದಿದ್ದೇ ತೊಂಬತ್ತರ ದಶಕದಿಂದೀಚೆಗೆ. ಅವರ ಮಕ್ಕಳು ಬೆಳೆದು ಆಡೋ ವಯಸ್ಸಿಗೆ ಬರೋದು 2010ರ ನಂತರವೇ. ಇನ್ಯಾಕಿ ಅಪ್ಪ-ಅಮ್ಮ ಘಾನಾದಿಂದ ಹೊರಟು ಸಹಾರಾ ನಡೆದು ದಾಟಿದವರು. ಮರಳಿನ ಕಾವಿಗೆ ಅಪ್ಪನ ಅಂಗಾಲು ಸುಟ್ಟುಹೋಗಿತ್ತು. ಆಫ್ರಿಕಾ ದಂಡೆಯಲ್ಲಿ ಸ್ಪೇನಿಗೆ ಸೇರಿದ ಮೆಲಿಲ್ಲಾ ಊರಿನ ಬೇಲಿ ಹತ್ತಿ ಸ್ಪೇನಿಗೆ ಬಂದಾಗ ಅಮ್ಮ ಬಸುರಿ. ಬಿಲ್ಬಾವೊದಲ್ಲಿ ಕೈಹಿಡಿದ ಪಾದ್ರಿಯ ಹೆಸರು ಇನ್ಯಾಕಿ, ಮಗುವಿಗೆ ಆ ಹೆಸರೇ ಇಟ್ರು. ಕೂಸಿಗೆ ಮೊದಲ ಅಥ್ಲೆಟಿಕ್ ಅಂಗಿ ಕೊಟ್ಟವರೂ ಅದೇ ಪಾದ್ರಿ. ಆ ಕೂಸು 2016ರ ಏಪ್ರಿಲ್‌ನಿಂದ 2023ರ ಜನವರಿವರೆಗೆ ಒಂದೂ ಬಿಡದೆ 251 ಲೀಗ್ ಪಂದ್ಯ ಆಡಿತು. ಇದಕ್ಕೆ ಹೆಮ್ಮೆಪಡಬೇಡಿ ಅಂದ್ರೆ ನಾನು ಕೇಳಲ್ಲ.

ಚಾರು ಮೈಸೂರು:
ಹೆಮ್ಮೆಪಡಬೇಡಿ ಅಂತ ನಾನು ಬರೆದಿಲ್ಲ. ಮೆರೋದಿಯೊ ವಿಷಯಕ್ಕೆ ಉತ್ತರ ಕೊಡಿ.

ವಿಂಗ್‌ಬ್ಯಾಕ್ ವಿನು:
251 ಅಂದ್ರೆ ಅಥ್ಲೆಟಿಕ್‌ನ ಹಳೇ ಆಟಗಾರ ತೆಲ್ಮೊ ಸಾರ್ರಾ ಲೀಗ್‌ನಲ್ಲಿ ಹೊಡೆದ ಗೋಲಿನ ಸಂಖ್ಯೆಯೂ ಅದೇ. 2014ರಲ್ಲಿ ಮೆಸ್ಸಿ ಮುರಿಯೋವರೆಗೆ ದಾಖಲೆ.

ಎಡಗಾಲು:
ಇಷ್ಟು ಹೊತ್ತು ಸುಮ್ಮನೆ ಓದ್ತಿದ್ದೆ. ನಾನು ರಿಯಲ್ ಸೋಸಿಯೆದಾದ್ ಅಭಿಮಾನಿ. ಬಿಲ್ಬಾವೊದಿಂದ ನೂರು ಕಿಲೋಮೀಟರ್ ದೂರದ ಸಾನ್ ಸೆಬಾಸ್ಟಿಯನ್‌ನ ಕ್ಲಬ್. ಪಟ್ಟೆಹುಲಿ ಮೊದಲ ಸಾಲಿನಲ್ಲಿ ‘ದುಡ್ಡೊಂದೇ ಅನ್ನೋರ ಜೊತೆ ಮಾತಾಡೋದಿದೆ’ ಅಂದಿದ್ದಾರೆ, ನನ್ನ ಜೊತೆ ಮಾತಾಡಲಿ. 1995ರಲ್ಲಿ ಎಚೆಬೆರ್ರಿಯಾ ಅನ್ನೋ ಹದಿನೇಳರ ಹುಡುಗನನ್ನ 55 ಕೋಟಿ ಪೆಸೆಟಾ (ಯೂರೊಗೆ ಮುಂಚಿನ ಸ್ಪೇನಿನ ಹಣ) ಎಸೆದು ನಮ್ಮಿಂದ ಎತ್ತಿಕೊಂಡು ಹೋದ್ರು. ಎರಡೂ ಕ್ಲಬ್ ಮಾತು ಬಿಟ್ಟವು. 2018ರ ಜನವರಿಯಲ್ಲಿ ಇನ್ಯೀಗೊ ಮಾರ್ಟಿನೆಸ್, 3.2 ಕೋಟಿ ಯೂರೊ. ಅದಕ್ಕೆ ಮುಂಚೆ 2006ರಲ್ಲಿ ನವಾರ್ರಾ ಪ್ರಾಂತ್ಯದ ಒಸಾಸುನಾ ಕ್ಲಬ್‌ನಿಂದ ಹಾವಿ ಮಾರ್ಟಿನೆಸ್, ಅವನಿಗೂ ಹದಿನೇಳು. ಅವನನ್ನ 2012ರಲ್ಲಿ ಜರ್ಮನಿಯ ಬಾಯರ್ನ್ ಮ್ಯೂನಿಕ್‌ಗೆ 4 ಕೋಟಿ ಯೂರೊಗೆ ಬಿಟ್ರು. ಸಣ್ಣ ಕ್ಲಬ್‌ಗಳು ಸಾಕಿ ಬೆಳೆಸೋದು, ದೊಡ್ಡಣ್ಣ ಬಂದು ಬುಟ್ಟಿಗೆ ಹಾಕ್ಕೊಳ್ಳೋದು. ಇದಕ್ಕೆ ‘ನಮ್ಮ ನೆಲದ ಹುಡುಗರು’ ಅಂತ ಹೆಸರು.

ಪಟ್ಟೆಹುಲಿ:
ಎಚೆಬೆರ್ರಿಯಾ ತನ್ನ ಕೊನೆಯ ಸೀಸನ್, 2009-10, ಸಂಬಳ ತಗೊಳ್ಳದೆ ಆಡಿದ. ದುಡ್ಡಿಗೆ ಹೋದವನು ಹಾಗೆ ಮಾಡಲ್ಲ.

ಎಡಗಾಲು:
ಹುಡುಗನ ಬಗ್ಗೆ ನಾನು ಒಂದು ಕೆಟ್ಟ ಮಾತು ಆಡಿಲ್ಲ. ಕ್ಲಬ್ ಬಗ್ಗೆ ಹೇಳಿದೆ.

ಪಟ್ಟೆಹುಲಿ:
ನಿಮ್ಮ ಕ್ಲಬ್ಬಿನದೂ ಇದೇ ನಿಯಮ ಇತ್ತು. 1989ರಲ್ಲಿ ಲಿವರ್‌ಪೂಲ್‌ನಿಂದ ಜಾನ್ ಆಲ್ಡ್ರಿಜ್‌ನ ತಂದು ಕೈಬಿಟ್ರಿ. ಕೈಬಿಟ್ಟವರು ಕೈಬಿಡದವರಿಗೆ ಬುದ್ಧಿ ಹೇಳಬಾರದು.

ಎಡಗಾಲು:
ಯಾಕೆ ಕೈಬಿಟ್ವಿ ಗೊತ್ತಾ? ನಮ್ಮ ಒಳ್ಳೊಳ್ಳೆ ಹುಡುಗರನ್ನ ಅಥ್ಲೆಟಿಕ್ ಮತ್ತು ಬಾರ್ಸಿಲೋನ ಎತ್ತಿಕೊಂಡು ಹೋದ ಮೇಲೆ ಇನ್ನೇನು ಮಾಡಬೇಕಿತ್ತು? ಈ ವಿಷಯ ಬಂದಾಗ ನನಗೆ ನಿಜಕ್ಕೂ ಸಿಟ್ಟು ಬರುತ್ತೆ. ಏಳು ಪ್ರಾಂತ್ಯ ‘ನಮ್ಮದು’ ಅನ್ನೋ ಹಕ್ಕು ಒಂದು ಊರಿನ ಕ್ಲಬ್‌ಗೆ ಯಾರು ಕೊಟ್ಟರು? ಗಿಪುಸ್ಕೊವಾ ಪ್ರಾಂತ್ಯ ನಮ್ಮದು. ನವಾರ್ರಾ ಒಸಾಸುನಾದವರದ್ದು.

ಕಡಲತಡಿ:
ಹಾಗೆ ಗೋಡೆ ಕಟ್ಟಬೇಡಿ ಎಡಗಾಲು ಅವರೇ. 1976ರ ಡಿಸೆಂಬರ್ 5 ನೆನಪು ಮಾಡಿ. ನಿಮ್ಮದೇ ಆತೋಚಾ ಮೈದಾನ. ಫ್ರಾಂಕೊ ಸತ್ತು ವರ್ಷ ಆಗಿತ್ತು ಅಷ್ಟೆ, ಬಾಸ್ಕ್ ಬಾವುಟ ಇಕುರಿನ್ಯಾ ಇನ್ನೂ ನಿಷೇಧದಲ್ಲಿತ್ತು. ನಿಮ್ಮ ಕ್ಯಾಪ್ಟನ್ ಕೊರ್ತಬರ್ರಿಯಾ, ಅಥ್ಲೆಟಿಕ್ ಕ್ಯಾಪ್ಟನ್ ಗೋಲ್‌ಕೀಪರ್ ಇರಿಬಾರ್, ಇಬ್ಬರೂ ಆಚೀಚೆ ಹಿಡಿದುಕೊಂಡು ಆ ಬಾವುಟವನ್ನು ಮೈದಾನದ ನಡುವಿಗೆ ತಂದು ಇಟ್ಟರು. ಪೊಲೀಸರು ಎಂತ ಮಾಡ್ತಾರೆ ಅಂತ ಯಾರಿಗೂ ಗೊತ್ತಿರಲಿಲ್ಲ. ಅದು ಎರಡು ಕ್ಲಬ್ ಸೇರಿ ಮಾಡಿದ ಕೆಲಸ. ಇರಿಬಾರ್ ಹುಟ್ಟಿದ್ದೂ ನಿಮ್ಮ ಗಿಪುಸ್ಕೊವಾದ ಸರೌಟ್ಸ್‌ನಲ್ಲಿ.

ಎಡಗಾಲು:
ಆ ಪಂದ್ಯ 5-0ಗೆ ಗೆದ್ದಿದ್ದು ನಾವು.

ಬಿಳಿಜರ್ಸಿ:
‘ಯಾರು ಹಕ್ಕು ಕೊಟ್ಟರು’ ಅಂತ ಎಡಗಾಲು ಕೇಳಿದ್ದು ನೂರಕ್ಕೆ ನೂರು ಸರಿ. ಇನ್ನೊಂದು ಸೇರಿಸ್ತೀನಿ. 1997ರಲ್ಲಿ ರೊಬೆರ್ತೊ ರಿಯೋಸ್‌ಗೆ 200 ಕೋಟಿ ಪೆಸೆಟಾ ಕೊಟ್ರು. ಅವನು ಬೆಟಿಸ್ ಕ್ಲಬ್ ಹುಡುಗ, ಬೆಳೆದಿದ್ದು ದಕ್ಷಿಣ ಸ್ಪೇನಿನ ಸೆವಿಯ್ಯಾದಲ್ಲಿ. ಹುಟ್ಟಿದ್ದು ಬಿಲ್ಬಾವೊದಲ್ಲಿ ಅನ್ನೋದೊಂದೇ ಅರ್ಹತೆ. ಚಾರು ಅವರು ‘ಎಲ್ಲಿ ಬೆಳೆದೆ ಅನ್ನೋ ಲೆಕ್ಕ’ ಅಂದ್ರು. ರಿಯೋಸ್ ವಿಷಯದಲ್ಲಿ ಬೆಳೆದಿದ್ದು ಲೆಕ್ಕಕ್ಕಿಲ್ಲ, ಹುಟ್ಟಿದ್ದು ಸಾಕು. ಲಾಪೋರ್ತ್ ವಿಷಯದಲ್ಲಿ ಹುಟ್ಟಿದ್ದು ಲೆಕ್ಕಕ್ಕಿಲ್ಲ, ಫ್ರಾನ್ಸ್ ಕಡೆಯ ಬಾಸ್ಕ್ ಊರು ಬಯೊನ್‌ನಲ್ಲಿ ಆಡಿದ್ದು ಸಾಕು. ಅವನು 2018ರಲ್ಲಿ 6.5 ಕೋಟಿ ಯೂರೊಗೆ ಮ್ಯಾಂಚೆಸ್ಟರ್ ಸಿಟಿಗೆ ಹೋಗಿ, ಸೌದಿಗೆ ಹೋಗಿ, 2025ರಲ್ಲಿ ವಾಪಸ್ ಬಂದ, ಮತ್ತೆ ‘ನಮ್ಮ ಹುಡುಗ’.

ಚಾರು ಮೈಸೂರು:
ಎರಡರಲ್ಲಿ ಒಂದಿದ್ರೆ ಸಾಕು ಅಂತ ಕ್ಲಬ್ಬೇ ಬಹಿರಂಗವಾಗಿ ಹೇಳುತ್ತೆ. ಕ್ಲಬ್‌ನ ಕಾನೂನು ಪುಸ್ತಕದಲ್ಲಿ ಇದು ಬರೆದಿಲ್ಲ, ಸದಸ್ಯರು ಒಪ್ಪಿ ನಡೆಸ್ಕೊಂಡು ಬಂದ ಪದ್ಧತಿ. ಪದ್ಧತಿ ಬದಲಾಗುತ್ತೆ. ನನ್ನ ತಕರಾರು ಬದಲಾಗಿದ್ದಕ್ಕಲ್ಲ, ಜೋನ್ಸ್ ಕಾಲಕ್ಕೆ ಬದಲಾಗಲಿಲ್ಲ ಅನ್ನೋದಕ್ಕೆ.

ಪಟ್ಟೆಹುಲಿ:
‘ಸದಸ್ಯರು ಒಪ್ಪಿ’ ಅಂತ ಹೇಳಿದ್ರಲ್ಲ, ಅದನ್ನೇ ಹಿಡ್ಕೊಳ್ಳಿ ಎಲ್ಲರೂ. 1990ರ ಕಾನೂನು ಬಂದಾಗ ಸ್ಪೇನಿನ ವೃತ್ತಿಪರ ಕ್ಲಬ್‌ಗಳೆಲ್ಲ ಷೇರು ಕಂಪನಿ ಆಗಬೇಕಾಯ್ತು. ಸದಸ್ಯರ ಕೈಯಲ್ಲೇ ಉಳಿದಿದ್ದು ನಾಲ್ಕು: ರಿಯಲ್ ಮ್ಯಾಡ್ರಿಡ್, ಬಾರ್ಸಿಲೋನ, ಒಸಾಸುನಾ, ಅಥ್ಲೆಟಿಕ್. 2006-07ರಲ್ಲಿ ಅಥ್ಲೆಟಿಕ್ 17ನೇ ಸ್ಥಾನದಲ್ಲಿ ಮುಗಿಸಿತು, ಕೆಳಗೆ ಬೀಳೋ ಗೆರೆಗೆ ಒಂದೇ ಮೆಟ್ಟಿಲು ಮೇಲೆ. ಬ್ರೆಜಿಲ್‌ನಿಂದ ಇಬ್ಬರನ್ನ ತರೋಕೆ ಒಂದು ವಾರ ಸಾಕಿತ್ತು. ತರಲಿಲ್ಲ. 2009, 2012, 2015, ಆಮೇಲೆ 2021ರ ಏಪ್ರಿಲ್‌ನಲ್ಲಿ ಎರಡೇ ವಾರದಲ್ಲಿ ಎರಡು, ಹೀಗೆ ಐದು ಕೋಪಾ ಫೈನಲ್ ಸೋತರು. ಆಗಲೂ ತರಲಿಲ್ಲ. ನಲವತ್ತು ವರ್ಷ ಕಾದು 2024ರ ಏಪ್ರಿಲ್ 6ರಂದು ಸೆವಿಯ್ಯಾದಲ್ಲಿ ಮಯೋರ್ಕಾನ ಪೆನಾಲ್ಟಿಯಲ್ಲಿ ಗೆದ್ದು, ಗಾಬಾರ್ರಾ ಅನ್ನೋ ದೋಣಿಯಲ್ಲಿ ಕಪ್ ಇಟ್ಕೊಂಡು ಬಿಲ್ಬಾವೊ ಹೊಳೆಯಲ್ಲಿ ಬಂದ್ರು. ದಂಡೆ ಎರಡೂ ಕಡೆ ಜನ. ನಾನು ಇಲ್ಲಿ ಕೆಲಸಕ್ಕೆ ರಜೆ ಹಾಕಿ ಮೊಬೈಲಿನಲ್ಲಿ ಪೂರ್ತಿ ನೋಡಿದೆ, ಅತ್ತುಬಿಟ್ಟೆ.

‘ಅಲ್ಲಾಡಿಲ್ಲ’ ಅನ್ನೋ ಪದ ಬೇಡ ಅಂದ್ರೆ ‘ಮುರಿದಿಲ್ಲ’ ಅಂತ ಓದ್ಕೊಳ್ಳಿ. ಅದಕ್ಕಿಂತ ಹೆಚ್ಚು ನಾನು ಬಿಟ್ಟುಕೊಡಲ್ಲ.

ಎಡಗಾಲು:
ಆ ಐದರಲ್ಲಿ ಒಂದು ಸೋತಿದ್ದು ನಮ್ಮ ಕೈಲಿ. 1-0. ಹೆಸರು ಹೇಳದೆ ಬಿಟ್ಟಿದ್ದೀರಿ.

ಚಾರು ಮೈಸೂರು:
ಮೆರೋದಿಯೊ ವಿಷಯ ಇನ್ನೂ ಹಾಗೇ ಇದೆ ಪಟ್ಟೆಹುಲಿಯವರೇ. ನಾನು ಮೂರನೇ ಸಲ ಕೇಳ್ತಿರೋದು.

ವಿಂಗ್‌ಬ್ಯಾಕ್ ವಿನು:
ಐದು ಫೈನಲ್ ಸರಿ. ಒಟ್ಟು ಗೆದ್ದಿದ್ದು 23.

ಗುರುಪಾದ ಹುಬ್ಬಳ್ಳಿ:
ಬಿಳಿಜರ್ಸಿಯವರ, ನೀವು ಮ್ಯಾಲಿನ ಬರಹದಾಗ ‘ಅಂಗಿ ಸಂಡರ್‌ಲ್ಯಾಂಡ್‌ದು’ ಅಂತ ಬರದದ್ದು ಇನ್ನೂ ಹಂಗ ಐತಿ. ಗಂಟು ಒಂದೇ ಆಗಿರಬಹುದು ಅಂತ ನೀವ ಒಪ್ಪೀರಿ. ನಾಳೆ ಯಾವನರ ಹೊಸಾ ಹುಡುಗ ಬಂದು ಓದಿ ಅದನ್ನ ಖರೆ ಅಂತ ತಿಳ್ಕೊಂತಾನ. ಅಳಿಸ್ರಿ ಅದನ್ನ.

ಬಿಳಿಜರ್ಸಿ:
ಅಳಿಸಲ್ಲ. ಒಂದೇ ಗಂಟು ‘ಆಗಿರಬಹುದು’ ಅಂದೆ. ‘ಹೌದು’ ಅಂದಿಲ್ಲ.

ಗುರುಪಾದ ಹುಬ್ಬಳ್ಳಿ:
ಹಂಗಾದ್ರ ನಾನೂ ಬಿಡೂದಿಲ್ಲ. ಸೌತಾಂಪ್ಟನ್.